ಗಾಳಿ ಇಳಿಸೋದು ಸರಿ, ಮತ್ತೆ ತುಂಬೋದು?

ಮರಳಲ್ಲಿ ಗಾಡಿ ಓಡಿಸೋದರ ಬಗ್ಗೆ ನಿಮ್ಮ ಲೇಖನದಲ್ಲಿ, ಮರಳು ದಿಬ್ಬ ಹತ್ತುವ ಮೊದಲು ಟೈರ್ ಗಾಳಿಯ ಒತ್ತಡವನ್ನು 15ರಿಂದ 18 ಪಿಎಸ್‌ಐಗೆ ಇಳಿಸಿ ಅಂತ ಬರೆದಿದ್ದೀರಿ, ಸರಿ. ಟೈರ್ ಅಗಲವಾಗಿ ಕೂತರೆ ಹೂತುಕೊಳ್ಳೋದು ಕಮ್ಮಿ. ಆದರೆ ಡಾಂಬರು ರಸ್ತೆಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಬೇಕು ಅನ್ನೋದನ್ನೇ ಬಿಟ್ಟಿದ್ದೀರಲ್ಲ!

ನಾನು ಯಾದಗಿರಿಯವನು. ಭೀಮಾ ಹೊಳೆಯ ಮರಳಲ್ಲಿ ಟ್ರ್ಯಾಕ್ಟರ್ ಓಡಿಸಿದ ಧೈರ್ಯದ ಮೇಲೆ ಜೈಸಲ್ಮೇರ್ ಹತ್ತಿರದ ಸಮ್ ದಿಬ್ಬಗಳಲ್ಲಿ ಜೀಪ್ ಹತ್ತಿಸಿದೆ. ಅರ್ಧಕ್ಕೇ ನಿಂತಿತು. ಗಾಬರಿಯಲ್ಲಿ ಸ್ಟೇರಿಂಗ್ ತಿರುಗಿಸಿದೆ, ಗಾಡಿ ಒಂದು ಮಗ್ಗುಲಿಗೆ ವಾಲಿತು. ಪಕ್ಕದಲ್ಲಿದ್ದ ಅಲ್ಲಿನ ಡ್ರೈವರ್ ಕೂಗಿದ್ದಕ್ಕೆ ಬಚಾವಾದೆವು. ಹತ್ತೋಕಾಗದಿದ್ದರೆ ಅಡ್ಡ ತಿರುಗಿಸಬಾರದು, ರಿವರ್ಸ್ ಗೇರ್‌ನಲ್ಲಿ ನೆಟ್ಟಗೆ ಹಿಂದಕ್ಕೆ ಇಳಿಯಬೇಕು. ಚಕ್ರ ಸುಮ್ನೆ ಸುತ್ತುವಾಗ ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ಇನ್ನೂ ಹೂಳುತ್ತದೆ. ಅದು ನಮ್ಮ ಹೊಳೆಯಲ್ಲೇ ಕಲಿತದ್ದು, ಆ ದಿಬ್ಬದ ಮೇಲೆ ಮರೆತೇಹೋಗಿತ್ತು.