ಚಂದನದ ಒಂದು ದಿನ, ಗೇಲಿಕ್‌ನ ಒಂದು ಸಂಜೆ

ಊರಿಗೆ ಬಂದಾಗ ನಾನು ದೂರದರ್ಶನದ ಕನ್ನಡ ಚಾನೆಲ್ ಚಂದನ ಹಾಕಿಕೊಂಡು ಕೂತರೆ ನನ್ನ ವಯಸ್ಸಿನವರು ನಗುತ್ತಾರೆ. "ಗ್ಲಾಸ್ಗೋದಲ್ಲಿ ಇರೋನು ಇಲ್ಲಿ ಬಂದು ದೂರದರ್ಶನ ನೋಡ್ತೀಯಲ್ಲ ಮಾರಾಯ" ಅನ್ನುತ್ತಾರೆ. ನಗಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇರುವುದಕ್ಕೇ ನನಗೆ ಈ ಚಾನೆಲ್ ಮೇಲೆ ಕಣ್ಣು. ಜನರ ದುಡ್ಡಲ್ಲಿ ನಡೆಯುವ ಟಿವಿ ಹೇಗಿರಬೇಕು ಅಂತ ಅಲ್ಲಿ ಪೇಪರಲ್ಲಿ, ಪಾರ್ಲಿಮೆಂಟಲ್ಲಿ, ಆಫೀಸಿನ ಕ್ಯಾಂಟೀನಲ್ಲಿ ಜಗಳ ನಿಲ್ಲುವುದೇ ಇಲ್ಲ. ನಮ್ಮಲ್ಲಿ ಚಂದನವನ್ನು ಬೈಯುವವರೂ ಇಲ್ಲ. ಇದೆ, ಇರುತ್ತದೆ, ಅಷ್ಟೆ. ಬೈಯುವುದನ್ನೂ ಮರೆತಿದ್ದೇವೆ ಅಂದರೆ ಅದು ಒಳ್ಳೆ ಲಕ್ಷಣ ಅಲ್ಲ.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ. ಜುಲೈ ಮಳೆಯಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಮಳೆ ಜೋರಾದರೆ ಡಿಶ್ಶಿಗೂ ಕಷ್ಟ. ಚಿತ್ರ ಮೊದಲು ಚೂರು ಚೂರಾಗಿ, ಆಮೇಲೆ ಪೂರ್ತಿ ಹೋಗುತ್ತದೆ. ಕರೆಂಟ್ ಇದ್ದು, ಮಳೆ ಸ್ವಲ್ಪ ಹೊಳವಾದರೆ ದೊಡ್ಡಮ್ಮನ ಟಿವಿ ಶುರು. ಬೆಳಿಗ್ಗೆ 'ಹಲೋ ಗೆಳೆಯರೆ' ಅಂತ ಫೋನ್ ಕಾರ್ಯಕ್ರಮ. ಒಂದು ದಿನ ಮಂಡಿನೋವಿನ ಡಾಕ್ಟರು ಬಂದರೆ ಇನ್ನೊಂದು ದಿನ ವಕೀಲರೋ ಬ್ಯಾಂಕಿನವರೋ ಬರುತ್ತಾರೆ. ಆಮೇಲೆ ಶಾಸ್ತ್ರೀಯ ಸಂಗೀತ, ಯಾರದೋ ಸಂದರ್ಶನ, ಜಾನಪದ ತಂಡ, ನಡುವೆ ಒಂದು ಹಳೇ ಧಾರಾವಾಹಿ. ಸಂಜೆ ಕೃಷಿ, ಆಮೇಲೆ ವಾರ್ತೆ, ರಾತ್ರಿ 'ಥಟ್ ಅಂತ ಹೇಳಿ'.

ಈ ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು. 2002ರಿಂದ ನಡೆಯುತ್ತಿರುವ ಕ್ವಿಜ್ ಇದು. ನಡೆಸುವವರು ನಾ. ಸೋಮೇಶ್ವರ, ಓದಿದ್ದು ವೈದ್ಯಕೀಯ. ಸರಿ ಉತ್ತರಕ್ಕೆ ಬಹುಮಾನ ಪುಸ್ತಕ. ಕೋಟಿ ತೋರಿಸಿ ಆಸೆ ಹುಟ್ಟಿಸುವ ಕ್ವಿಜ್‌ಗಳ ಕಾಲದಲ್ಲಿ ಇದು ಹೇಗೆ ಉಳಿಯಿತು ಅಂತ ಯಾರಿಗಾದರೂ ಅನುಮಾನ ಇದ್ದರೆ ನಮ್ಮ ದೊಡ್ಡಮ್ಮನನ್ನು ನೋಡಬೇಕು. ಮುಂದೆ ಒಂದು ಪಾತ್ರೆ ನೀರು, ಕೈಯಲ್ಲಿ ಕಣಿಲೆ (ಎಳೆ ಬಿದಿರು), ಚಾಕು. ಪ್ರಶ್ನೆ ಬಂದ ಕೂಡಲೇ ಚಾಕು ನಿಲ್ಲುತ್ತದೆ. ಉತ್ತರ ಗೊತ್ತಿದ್ದರೆ ಸ್ಪರ್ಧಿಗಿಂತ ಮೊದಲು ಹೇಳುತ್ತಾರೆ. ಗೊತ್ತಿಲ್ಲದಿದ್ದರೆ "ಇದೆಲ್ಲ ಯಾರು ಕೇಳ್ತಾರೆ ಈಗ" ಅಂತ ಹೆಚ್ಚುವುದು ಮುಂದುವರಿಸುತ್ತಾರೆ. ನಾನು ಚಾನೆಲ್ ಬದಲಾಯಿಸಲು ಹೋದರೆ "ಏಯ್, ರಿಮೋಟ್ ಕೆಳಗಿಡು" ಅಂತ ಗದರಿಕೆ.

ಚಂದನದ ದಿನ ನನಗೆ ಹಿಡಿಸುವುದು ಇದೇ ಕಾರಣಕ್ಕೆ. ಅದು ಸೋಮವಾರದ ನಮ್ಮ ಸಂತೆ ಇದ್ದ ಹಾಗೆ: ಒಣಮೀನು ತರಲು ಹೋದವನು ಹಗ್ಗ, ಕತ್ತಿ, ಯಾರದೋ ಮನೆ ಮದುವೆ ಸುದ್ದಿ ಎಲ್ಲ ತರುತ್ತಾನೆ. ಖಾಸಗಿ ಚಾನೆಲ್‌ಗಳಲ್ಲಿ ಸೀರಿಯಲ್ ಅಂದರೆ ಬರೀ ಸೀರಿಯಲ್, ಸುದ್ದಿ ಅಂದರೆ ಇಡೀ ದಿನ ಕಿರುಚಾಟ. ಮೊಬೈಲ್ ಇನ್ನೂ ಮುಂದೆ. ನಿನ್ನೆ ನೋಡಿದ್ದನ್ನೇ ಇವತ್ತೂ ತಂದು ಕೊಡುತ್ತದೆ. ದೊಡ್ಡಮ್ಮ ಭತ್ತದ ಬೆಂಕಿರೋಗದ ಬಗ್ಗೆ ತಾವಾಗಿ ಹುಡುಕಿ ನೋಡುವವರಲ್ಲ. ಕ್ವಿಜ್‌ಗೆ ಕಾಯುತ್ತಾ ಕೂತಾಗ ಅದೂ ಕಿವಿಗೆ ಬೀಳುತ್ತದೆ.

ಹೊಗಳಿದ್ದು ಸಾಕು. ಸೆಟ್ಟುಗಳು ಹಳೆಯವು. ಕೆಲವು ಚರ್ಚೆ ಎಷ್ಟು ನಿಧಾನ ಅಂದರೆ ನಡುವೆ ಎದ್ದು ಕಾಫಿ ಮಾಡಿಕೊಂಡು ಬಂದರೂ ಅದೇ ವಾಕ್ಯ ನಡೆಯುತ್ತಿರುತ್ತದೆ.

ಬ್ರಿಟನ್ನಿನ ಲೆಕ್ಕ ಬೇರೆ. ಅಲ್ಲಿ ಮನೆಯಲ್ಲಿ ಲೈವ್ ಟಿವಿ ನೋಡಬೇಕಾದರೆ, ಅದು ಯಾವ ಚಾನೆಲ್ಲೇ ಆಗಲಿ, ಲೈಸೆನ್ಸ್ ಬೇಕು. 2025ರ ಏಪ್ರಿಲ್‌ನಲ್ಲಿ ವರ್ಷಕ್ಕೆ 174.50 ಪೌಂಡ್ ಆಯಿತು. ಬಿಬಿಸಿ ನಡೆಯುವುದು ಮುಖ್ಯವಾಗಿ ಆ ದುಡ್ಡಲ್ಲಿ. ಅಲ್ಲಿ ಅದರ ಚಾನೆಲ್‌ಗಳಲ್ಲಿ ಜಾಹೀರಾತು ಇಲ್ಲ. ನಮ್ಮಲ್ಲೂ ಹಿಂದೆ ರೇಡಿಯೋಗೆ, ಟಿವಿಗೆ ಲೈಸೆನ್ಸ್ ಇತ್ತು, ಪೋಸ್ಟಾಫೀಸಿನಲ್ಲಿ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ಹೋಯಿತು. ಈಗ ದೂರದರ್ಶನದ ಫ್ರೀ ಡಿಶ್ ಡಬ್ಬಿ ಒಂದು ಸಲ ತಂದು ಹಾಕಿಸಿದರೆ ತಿಂಗಳ ಬಾಡಿಗೆ ಇಲ್ಲ. ಲೈನ್‌ಮನೆಯಲ್ಲಿ ಇರುವ ತೋಟದ ಕೆಲಸಗಾರರಿಗೂ ಡಿಶ್ ಇದೆ. ಇದು ನಮ್ಮ ಪದ್ಧತಿಯ ದೊಡ್ಡ ಗುಣ, ನಾನು ಒಪ್ಪುತ್ತೇನೆ. ಆದರೆ ಕೈಯಾರೆ ದುಡ್ಡು ಕಟ್ಟಿದವನು ಪ್ರಶ್ನೆ ಕೇಳುತ್ತಾನೆ. ಬಿಟ್ಟಿ ಬಂದದ್ದನ್ನು ಕೇಳುವವರು ಯಾರು? ಅದು ಬಿಟ್ಟಿಯಲ್ಲ, ತೆರಿಗೆ ಮೂಲಕ ನಮ್ಮ ಜೇಬಿನಿಂದಲೇ ಹೋಗಿದೆ ಅನ್ನುವುದು ಯಾರಿಗೂ ನೆನಪಿಲ್ಲ ಅಲ್ವಾ.

ಕೆಲವು ಕಡೆ ಇಬ್ಬರೂ ಒಂದೇ. ಕೊರೋನಾದಲ್ಲಿ ಶಾಲೆ ಮುಚ್ಚಿದಾಗ 2020ರಲ್ಲಿ ಚಂದನ ಪಾಠ ಹಾಕಿತು. 2021ರ ಜನವರಿಯಲ್ಲಿ ಬಿಬಿಸಿಯೂ ತನ್ನ ಮಕ್ಕಳ ಚಾನೆಲ್‌ನಲ್ಲಿ ಬೆಳಿಗ್ಗೆ ಮೂರು ಗಂಟೆ ಪಾಠಕ್ಕೇ ಇಟ್ಟಿತು. ನೆಟ್‌ವರ್ಕ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತುತ್ತಿದ್ದ ಕೊಡಗಿನಲ್ಲಿ ಡಿಶ್ ಇದ್ದ ಮನೆಗೆ ಪಾಠ ಬಂತು. ಸ್ಕಾಟ್ಲೆಂಡಿನ ದ್ವೀಪಗಳಲ್ಲೂ ನೆಟ್ ಕಥೆ ಅಷ್ಟೇನೂ ಚೆನ್ನಾಗಿಲ್ಲ.

ನನ್ನನ್ನು ನಿಜವಾಗಿ ಚುಚ್ಚಿದ್ದು ಬಿಬಿಸಿ ಆಲ್ಬಾ ಅನ್ನುವ ಚಾನೆಲ್. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಗೆ ಅಂತಲೇ 2008ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಇಡೀ ದಿನ ಇಲ್ಲ. ಸಂಜೆ ಹೊತ್ತಿಗೆ ಮಕ್ಕಳ ಕಾರ್ಯಕ್ರಮದಿಂದ ಶುರುವಾಗಿ ನಡುರಾತ್ರಿಗೆ ಮುಗಿಯುತ್ತದೆ. ಅಷ್ಟರಲ್ಲೇ ಸುದ್ದಿ, ಸಾಕ್ಷ್ಯಚಿತ್ರ, ಹಳ್ಳಿ ಕಡೆಯ ಬದುಕು, ಪಿಟೀಲು, ಬ್ಯಾಗ್‌ಪೈಪ್ ಎಲ್ಲ ಬರುತ್ತವೆ. ಒಂದು ಅಕ್ಷರ ಅರ್ಥವಾಗದಿದ್ದರೂ ನಾನು ನೋಡುತ್ತೇನೆ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇರುತ್ತದೆ.

ಈಗ ಲೆಕ್ಕ ನೋಡಿ. 2011ರಲ್ಲಿ ಎರಡೂ ಕಡೆ ಜನಗಣತಿ ಆಯಿತು. ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತಾಡಬಲ್ಲವರು 57 ಸಾವಿರ ಚಿಲ್ಲರೆ. ನಮ್ಮಲ್ಲಿ ಕೊಡವ ತಾಯ್ನುಡಿ ಅಂತ ಬರೆಸಿದವರು 1,13,857. ಸುಮಾರು ಎರಡು ಪಟ್ಟು. ಅವರಿಗೆ ಪ್ರತಿ ಸಂಜೆ ಒಂದು ಚಾನೆಲ್. ಕೊಡವರ ಮಾತಾದ ಕೊಡವ ತಕ್ಕ್‌ಗೆ, ಕೊಡಗಿನ ಇನ್ನೊಂದು ಮಾತಾದ ಅರೆಭಾಷೆಗೆ ದೂರದರ್ಶನದಲ್ಲಿ ಅಂಥದ್ದೊಂದು ಚಾನೆಲ್ ಇಲ್ಲ.

ಹಾಕಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಶಿಂಟಿ ಅಂತ ಹಾಕಿಯಂಥದ್ದೇ ಒಂದು ಆಟ ಇದೆ. ಬಾಗಿದ ಕೋಲು, ಗಟ್ಟಿ ಚೆಂಡು, ಕೈಕಾಲಿಗೆ ಗ್ಯಾರಂಟಿ ಇಲ್ಲ. ಆಡುವುದು ಹೆಚ್ಚಾಗಿ ಬೆಟ್ಟದ ಊರುಗಳ ಹುಡುಗರು. ಅದನ್ನು ಆಲ್ಬಾ ಗೇಲಿಕ್ ಕಾಮೆಂಟರಿ ಜೊತೆ ನೇರ ಪ್ರಸಾರ ಮಾಡುತ್ತದೆ. ನಮ್ಮಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಹೆಸರು ಕೊಟ್ಟಿದ್ದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಆಟ ಪ್ರಪಂಚದಲ್ಲಿ ಇನ್ನೆಲ್ಲಿದೆ? ಗ್ಲಾಸ್ಗೋದಲ್ಲಿ ಕೂತು ನಾನು ಅದನ್ನು ನೋಡುವುದು ಊರಿನ ಹುಡುಗರು ಯೂಟ್ಯೂಬಿಗೆ ಹಾಕುವ ವಿಡಿಯೋದಲ್ಲಿ. ಗಾಳಿ ಸದ್ದಿನ ನಡುವೆ ಕಾಮೆಂಟರಿ ಅರ್ಧ ಕೇಳಿಸುತ್ತದೆ. ಆದರೂ ಚೆನ್ನಾಗಿ ಮಾಡುತ್ತಾರೆ.

ಅಲ್ಲೂ ಸಣ್ಣ ಭಾಷೆಗಳಿಗೆ ಚಾನೆಲ್ ಸುಮ್ನೆ ಬಂದದ್ದಲ್ಲ. ಬ್ರಿಟನ್ನಿನದೇ ಭಾಗವಾದ ವೇಲ್ಸ್‌ನಲ್ಲಿ ವೆಲ್ಷ್ ಚಾನೆಲ್ ಕೊಡುತ್ತೇವೆ ಅಂದ ಸರಕಾರ ಮಾತು ತಪ್ಪಿದಾಗ, 1980ರಲ್ಲಿ ಗ್ವಿನ್‌ಫೋರ್ ಎವಾನ್ಸ್ ಎಂಬ ನಾಯಕ ಆಮರಣ ಉಪವಾಸ ಕೂರುತ್ತೇನೆ ಅಂದರು. ಥ್ಯಾಚರ್ ಸರಕಾರ ಬಗ್ಗಿತು. 1982ರ ನವೆಂಬರ್ 1ಕ್ಕೆ ಚಾನೆಲ್ ಶುರುವಾಯಿತು, ನಮ್ಮ ರಾಜ್ಯೋತ್ಸವದ ದಿನವೇ. ಆಲ್ಬಾಕ್ಕೂ ತಕರಾರು ಇಲ್ಲ ಅಂತಲ್ಲ. ಮರುಪ್ರಸಾರ ಜಾಸ್ತಿ ಅನ್ನುತ್ತಾರೆ. ತೆಗೆಯಲಾಗದ ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಕಲಿಯುವ ಮಕ್ಕಳು ಬರೀ ಇಂಗ್ಲಿಷ್ ಓದುತ್ತಾರೆ ಅನ್ನುತ್ತಾರೆ. ಇಂಥ ಜಗಳ ಆಡುವ ಭಾಗ್ಯ ನಮಗೂ ಬರಲಿ.

ಚಂದನದಲ್ಲಿ ಈ ಮಾತುಗಳಿಗೂ ಜಾಗ ಕೊಡಿ ಅಂದರೆ, ಕನ್ನಡದ ಚಾನೆಲ್‌ನಲ್ಲಿ ಕೊಡವ ತಕ್ಕ್ ಯಾಕೆ ಅಂತ ಕೇಳುವವರು ಇದ್ದಾರೆ. ನನ್ನ ಮನೆ ಮಾತು ಕನ್ನಡ. ಪಕ್ಕದ ಮನೆಯವರು ಅರೆಭಾಷೆ, ರಸ್ತೆ ಆಚೆಯವರು ಕೊಡವರು. ಮಡಿಕೇರಿ ಆಕಾಶವಾಣಿ 103.1ರಲ್ಲಿ ಈ ಮೂರೂ ಬರುತ್ತವೆ. ಅದನ್ನು ಕೇಳಿ ಕೊಡಗಿನಲ್ಲಿ ಯಾರ ಕನ್ನಡವೂ ಸವೆದಿಲ್ಲ. ರೇಡಿಯೋದಲ್ಲಿ ಆಗುವುದು ಟಿವಿಯಲ್ಲಿ ಯಾಕೆ ಆಗಬಾರದು? ತುಳು, ಕೊಂಕಣಿ, ಬ್ಯಾರಿಯವರೂ ಕೇಳುತ್ತಾರೆ ಅನ್ನುವುದು ಇನ್ನೊಂದು ಹೆದರಿಕೆ. ಕೇಳಲಿ. ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಇದೆ, ಮರುಪ್ರಸಾರವೂ ಬೇಕಾದಷ್ಟಿದೆ.

ಬೇಕಾಗಿರುವುದು ದಿನಕ್ಕೆ ಒಂದು ಗಂಟೆ, ಹೊತ್ತು ಗೊತ್ತು ಮಾಡಿ, ಕೆಳಗೆ ಕನ್ನಡದ ಸಾಲು ಹಾಕಿ. ಒಂದು ದಿನ ಕಾಳುಮೆಣಸಿನ ಸೊರಗು ರೋಗ, ಹೇಳಲು ಚೆಟ್ಟಳ್ಳಿಯ ಸಂಶೋಧನಾ ಕೇಂದ್ರಗಳವರು ಇದ್ದಾರೆ. ಇನ್ನೊಂದು ದಿನ ಸುಗ್ಗಿ ಹಬ್ಬ ಪುತ್ತರಿಯ ಹಾಡು. ಕೊಡವ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಮಡಿಕೇರಿಯಲ್ಲೇ ಇವೆ, ಜನಕ್ಕೆ ಬರವಿಲ್ಲ. ಬೆಂಗಳೂರಿನಿಂದ ಕ್ಯಾಮೆರಾ ವ್ಯಾನು ಘಾಟಿ ಹತ್ತಿ ಬರಬೇಕು ಅಂತಲೂ ಇಲ್ಲ. ಆಲ್ಬಾದ ಎಷ್ಟೋ ಕಾರ್ಯಕ್ರಮ ಮಾಡುವುದು ಹೊರಗಿನ ಸಣ್ಣ ಕಂಪನಿಗಳು, ಚಾನೆಲ್ ದುಡ್ಡು ಕೊಟ್ಟು ಮಾಡಿಸುತ್ತದೆ. ಹಾಕಿ ಹಬ್ಬವನ್ನು ಬಿಸಿಲಲ್ಲಿ ನಿಂತು ಹಿಡಿಯುವ ಆ ಹುಡುಗರಿಗೆ ಒಳ್ಳೆ ಮೈಕು ಮತ್ತು ಸಂಬಳ ಕೊಟ್ಟರೆ ಸಾಕು. ಮೊದಲ ವರ್ಷ ಕೆಟ್ಟದಾಗಿ ಬಂದರೆ ಬೈಯೋಣ.