ಮೀಟಿಂಗಿಗೆ ಮುಂಚೆ ಪಹಣಿ ಪಾರಾಯಣ

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ರಿಕನ್ಸಿಲಿಯೇಶನ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಈ ಕಡೆಯ ಲೆಕ್ಕ, ಆ ಕಡೆಯ ಲೆಕ್ಕ ಎದುರುಬದುರು ಇಟ್ಟುಕೊಂಡು ಸಾಲು ಸಾಲಿಗೆ ಟಿಕ್ ಹಾಕುತ್ತ ಹೋಗುವುದು. ತಾಳೆಯಾಗದ ಕಡೆ ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಪತ್ತೆ ಮಾಡುವುದು. ಲೆಕ್ಕ ಕೂಡುವ ತನಕ ಮನೆಗೆ ಹೋಗದಿರುವುದು. ಕೆನಡಾದ ಕಾಲೇಜುಗಳಲ್ಲಿ ಹತ್ತು ವರ್ಷದಿಂದ ಇದೇ ಹೆಸರಿನ ಕೆಲಸ ನಡೆಯುತ್ತಿದೆ. ಟಿಕ್ ಹಾಕುವುದು ಅಲ್ಲೂ ಇದೆ. ಮಿಕ್ಕಿದ್ದು ಇಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ನೂರು ವರ್ಷಕ್ಕೂ ಮೇಲ್ಪಟ್ಟು ಅಲ್ಲಿನ ಸರ್ಕಾರ ಮತ್ತು ಚರ್ಚುಗಳು ಸೇರಿ ಮೂಲನಿವಾಸಿಗಳ ಮಕ್ಕಳನ್ನು ಹೆತ್ತವರ ಕೈಯಿಂದ ಕಿತ್ತು ವಸತಿ ಶಾಲೆಗೆ ಹಾಕಿದವು. 1,50,000ಕ್ಕೂ ಹೆಚ್ಚು ಮಕ್ಕಳು. ಮನೆಮಾತು ಆಡಿದರೆ ಹೊಡೆತ. ಕಟ್ಟಕಡೆಯ ಶಾಲೆಗೆ ಬೀಗ ಬಿದ್ದದ್ದು 1990ರ ದಶಕದಲ್ಲಿ, ಅಂದರೆ ನಮ್ಮಲ್ಲಿ ಕೇಬಲ್ ಟಿವಿ ಬಂದ ಮೇಲೆ. ಇದರ ವಿಚಾರಣೆ ನಡೆಸಿದ ಸತ್ಯ ಮತ್ತು ಸಮನ್ವಯ (ಅದೇ ರಿಕನ್ಸಿಲಿಯೇಶನ್) ಆಯೋಗ 2015ರಲ್ಲಿ ವರದಿ ಕೊಟ್ಟಾಗ ದಾಖಲೆಗೆ ಸಿಕ್ಕಿದ್ದ ಸಾವುಗಳೇ ಸುಮಾರು 3,200. ಜೊತೆಗೆ 94 ಶಿಫಾರಸು. ಇಲ್ಲಿಯವರೆಗೆ ನಗುವಂಥದ್ದು ಏನೂ ಇಲ್ಲ. ನಗು ಶುರುವಾಗುವುದು ಆ 94 ಶಿಫಾರಸುಗಳು ಕಾಲೇಜಿನ ಎಚ್‌ಆರ್ ಟೇಬಲ್ಲಿಗೆ ಬಂದು ಬಿದ್ದ ಮೇಲೆ.

94ರಲ್ಲಿ 11ನೆಯದು, ಕಾಲೇಜು ಓದಲು ದುಡ್ಡಿಲ್ಲದೆ ಸರದಿಯಲ್ಲಿ ಕಾದು ಕೂತಿರುವ ಮೂಲನಿವಾಸಿ ವಿದ್ಯಾರ್ಥಿಗಳ ಸರದಿ ಕರಗುವಷ್ಟು ಹಣ ಕೊಡಿ ಎನ್ನುತ್ತದೆ. 57ನೆಯದು ಸರ್ಕಾರಿ ನೌಕರರಿಗೆ ಈ ಇತಿಹಾಸದ ತರಬೇತಿ ಕೊಡಿ ಎನ್ನುತ್ತದೆ. ಒಂದಕ್ಕೆ ಕೋಟಿಗಟ್ಟಲೆ ಡಾಲರ್ ಬೇಕು, ಇನ್ನೊಂದಕ್ಕೆ ಪವರ್‌ಪಾಯಿಂಟ್ ಸಾಕು. ಕಾಲೇಜುಗಳು ಯಾವುದಕ್ಕೆ ಮುಗಿಬಿದ್ದವು ಎಂದು ಕೇಳುವವರು ಯಾವ ಕಚೇರಿಯಲ್ಲೂ ಒಂದು ದಿನ ಕೆಲಸ ಮಾಡಿರಲಿಕ್ಕಿಲ್ಲ. ಟೊರಾಂಟೊದ ಯೆಲ್ಲೊಹೆಡ್ ಸಂಸ್ಥೆ ಈ 94ರ ಲೆಕ್ಕ ವರ್ಷವರ್ಷವೂ ಇಡುತ್ತಿತ್ತು. 2022ರ ಕೊನೆಗೆ ಪೂರ್ತಿಯಾದವು 13. 2023ರಲ್ಲಿ ಹೊಸದಾಗಿ ಪೂರ್ತಿಯಾದದ್ದು ಸೊನ್ನೆ. ಬೇಸತ್ತ ಅವರು ಎಣಿಸುವುದನ್ನೇ ಬಿಟ್ಟರು. ಆ ಸಂಸ್ಥೆ ಇರುವ ವಿಶ್ವವಿದ್ಯಾಲಯಕ್ಕೆ 2022ರವರೆಗೆ ರೈಯರ್ಸನ್ ಎಂಬ ಹೆಸರಿತ್ತು. ವಸತಿ ಶಾಲೆಗಳ ನೀಲನಕ್ಷೆಯಂಥ ವರದಿಯನ್ನು 1847ರಲ್ಲಿ ಬರೆದುಕೊಟ್ಟ ಮಹಾನುಭಾವನ ಹೆಸರು ಅದು. ಜನ 2021ರ ಜೂನ್‌ನಲ್ಲಿ ಅವನ ಪ್ರತಿಮೆಯನ್ನು ಹಗ್ಗ ಹಾಕಿ ಎಳೆದು ಕೆಡವಿದ ಮೇಲೆ ಬೋರ್ಡು ಬದಲಾಯಿತು. ಹೆಸರು ಬದಲಿಸುವುದಕ್ಕೂ ಖರ್ಚಿದೆ ಅನ್ನಿ, ಲೆಟರ್‌ಹೆಡ್ಡು ಹೊಸದಾಗಿ ಅಚ್ಚು ಹಾಕಿಸಬೇಕು.

ಇನ್ನು ಮುಖ್ಯ ವಿಧಿಗೆ ಬರೋಣ: ಭೂಸ್ಮರಣೆ. ಪ್ರತಿ ಮೀಟಿಂಗಿಗೂ ಮುಂಚೆ ಒಬ್ಬರು ಎದ್ದು, ಈ ಕಟ್ಟಡ ಯಾರ ಜಮೀನಿನ ಮೇಲೆ ನಿಂತಿದೆ ಎಂದು ಓದಬೇಕು. ಕನ್ನಡದವರಿಗೆ ಇದು ಹೊಸದಲ್ಲ. ಯಾವ ಪೂಜೆಗೆ ಕೂತರೂ ಪುರೋಹಿತರು ‘ಭರತವರ್ಷೇ ಭರತಖಂಡೇ, ಗೋದಾವರ್ಯಾಃ ದಕ್ಷಿಣೇ ತೀರೇ’ ಎಂದು ಜಾಗದ ಚಕ್ಕುಬಂದಿ ಹೇಳಿಯೇ ಸಂಕಲ್ಪ ಮಾಡಿಸುತ್ತಾರೆ. ಸಮುದ್ರ ದಾಟಿದ ಪುರೋಹಿತರು ಅದನ್ನು ಕ್ರೌಂಚದ್ವೀಪ ಎಂದು ತಿದ್ದಿಕೊಂಡು ಕೆಲಸ ಸಾಗಿಸುತ್ತಾರೆ. ವ್ಯತ್ಯಾಸ ಇಷ್ಟೇ: ಸಂಕಲ್ಪ ಹೇಳಿದ ಮೇಲೆ ಪೂಜೆ ನಡೆಯುತ್ತದೆ. ಭೂಸ್ಮರಣೆಯಾದ ಮೇಲೆ ನಡೆಯುವುದು ಬಜೆಟ್ ಚರ್ಚೆ.

ಓದುವ ಪಾಠದಲ್ಲಿ ಇರುವುದನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ದಕ್ಷಿಣ ಒಂಟಾರಿಯೊದ ಗ್ರ್ಯಾಂಡ್ ನದಿಯ ಕಡೆ ‘ನಾವು ಹಾಲ್ಡಿಮಂಡ್ ಭೂಮಿಯಲ್ಲಿ ಇದ್ದೇವೆ, ನದಿಯ ಎರಡೂ ದಡಕ್ಕೆ ಆರಾರು ಮೈಲಿ ಅಗಲದ ಈ ನೆಲವನ್ನು ಸಿಕ್ಸ್ ನೇಷನ್ಸ್ (ಆರು ಮೂಲನಿವಾಸಿ ಬಣಗಳ ಒಕ್ಕೂಟ) ಜನರಿಗೆ ಕೊಡುವುದಾಗಿ ಬ್ರಿಟಿಷ್ ಸರ್ಕಾರ ಮಾತು ಕೊಟ್ಟಿತ್ತು’ ಎಂದು ಓದುತ್ತಾರೆ. ಮಾತು ಕೊಟ್ಟದ್ದು 1784ರಲ್ಲಿ, ಸುಮಾರು 9,50,000 ಎಕರೆ. ಇವತ್ತು ಅವರ ಕೈಯಲ್ಲಿ ಉಳಿದಿರುವುದು ಅದರ ನೂರಕ್ಕೆ ಐದು ಪಾಲಿಗಿಂತ ಕಡಿಮೆ. ಅಂದರೆ ಕಾಲೇಜು ತಾನು ನಿಂತ ನೆಲದ ಮೇಲಿರುವ ದಾವೆಯ ಸಾರಾಂಶವನ್ನು ತಾನೇ ಮೈಕಿನಲ್ಲಿ ಓದಿ, ‘ಧನ್ಯವಾದ, ಈಗ ಮೊದಲ ವಿಷಯ’ ಎಂದು ಮುಂದಕ್ಕೆ ಹೋಗುತ್ತದೆ. ನಮ್ಮ ಕಡೆ ತಾಲ್ಲೂಕು ಕಚೇರಿಯಲ್ಲಿ ಹೀಗೆ ಒತ್ತುವರಿದಾರನೇ ದಿನಾ ಬೆಳಿಗ್ಗೆ ನಿಂತು ಪಕ್ಕದವನ ಪಹಣಿ ಓದಿದ್ದರೆ ತಹಶೀಲ್ದಾರರ ಕೆಲಸ ಎಷ್ಟು ಹಗುರಾಗುತ್ತಿತ್ತು!

ಟೊರಾಂಟೊದ್ದು ಇನ್ನೂ ಸೊಗಸು. ಮಿಸಿಸಾಗಾ ಎಂಬ ಮೂಲನಿವಾಸಿ ಜನರಿಂದ ಆ ನೆಲ ಕೊಂಡದ್ದಕ್ಕೆ 1787ರ ಕ್ರಯಪತ್ರವಿದೆ. ತೆರೆದು ನೋಡಿದರೆ ಪತ್ರ ಖಾಲಿ. ಮುಖಂಡರ ಕುಲಚಿಹ್ನೆ ಬರೆದ ಚೀಟಿಗಳನ್ನು ಬೇರೆಯಾಗಿ ತಂದು ಅದಕ್ಕೆ ಅಂಟಿಸಿದ್ದಾರೆ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ವಿದ್ಯೆ ನಮ್ಮ ಶಾನುಭೋಗರ ಸ್ವಂತದ್ದೆಂದು ಹೆಮ್ಮೆಪಡುತ್ತಿದ್ದೆವು, ಅದೂ ಹೋಯಿತು. 1805ರಲ್ಲಿ ಅದನ್ನು ‘ಸರಿಪಡಿಸಿ’ ಹತ್ತು ಶಿಲ್ಲಿಂಗ್ ಕೊಟ್ಟರು. ಎರಡೂವರೆ ಲಕ್ಷ ಎಕರೆಗೆ. ಕಡೆಗೆ 2010ರಲ್ಲಿ 14.5 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಬ್ಯಾಂಕಿನವರು ಒಪ್ಪುವ ಅರ್ಥದಲ್ಲಿ ರಿಕನ್ಸಿಲಿಯೇಶನ್ ಅನ್ನಬಹುದಾದದ್ದು ಅದೊಂದು. ಅದಕ್ಕೆ ಯಾರೂ ತರಬೇತಿ ಮಾಡ್ಯೂಲ್ ತಯಾರಿಸಲಿಲ್ಲ.

ಓದುವವರ ಕಷ್ಟವನ್ನೂ ಹೇಳಬೇಕು. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ‘ಹೋಡೆನೊಶೋನಿ’, ‘ಅನಿಶಿನಾಬೆ’ ಎಂಬ ಮೂಲನಿವಾಸಿ ಸಮುದಾಯಗಳ ಹೆಸರುಗಳನ್ನು ನೋಡಿದ ಡೀನ್ ಸಾಹೇಬರ ನಾಲಿಗೆ ಮೂರು ಕಡೆ ಮುಗ್ಗರಿಸುತ್ತದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಒಂದೇ ಉಸಿರಿಗೆ ಮುಗಿಯುತ್ತದೆ. ಅದಕ್ಕೂ ಒಂದು ಕಾರ್ಯಾಗಾರ ಮಾಡಬಹುದು. ಟೊರಾಂಟೊ ಕಡೆಯ ಪಾಠದಲ್ಲಿ ‘ಒಂದು ತಟ್ಟೆ, ಒಂದು ಚಮಚ’ ಎಂಬ ಒಪ್ಪಂದವೂ ಬರುತ್ತದೆ. ನೆಲವೆಂಬುದು ಎಲ್ಲರಿಗೂ ಒಂದೇ ತಟ್ಟೆ. ಬೇಕಾದಷ್ಟೇ ಬಡಿಸಿಕೊಳ್ಳಿ, ಹಿಂದೆ ಬರುವವರಿಗೆ ಉಳಿಸಿ, ತಟ್ಟೆ ಚೊಕ್ಕಟವಾಗಿಡಿ, ಪಂಕ್ತಿಗೆ ಚಾಕು ತರಬೇಡಿ. ಇದನ್ನು ಓದಿದ ಅರ್ಧ ಗಂಟೆಗೆ ಕೇಟರಿಂಗಿನವರು ತಲೆಗೊಂದರಂತೆ ಪ್ಲಾಸ್ಟಿಕ್ ಚಾಕು ಹಂಚಿರುತ್ತಾರೆ.

ತರಬೇತಿಯ ವಿಧಾನ ಹೀಗೆ. ಇಪ್ಪತ್ತು ಚಿಲ್ಲರೆ ಸ್ಲೈಡು, ನಡುನಡುವೆ ಡೋಲಿನ ಸದ್ದಿರುವ ವಿಡಿಯೊ, ಕೊನೆಗೆ ಹತ್ತು ಪ್ರಶ್ನೆ. ಎಂಟು ಸರಿಯಾದರೆ ಸರ್ಟಿಫಿಕೇಟ್. ‘ಮುಂದೆ’ ಗುಂಡಿ ಕೆಲವು ಸೆಕೆಂಡು ಒತ್ತಲು ಬರುವುದಿಲ್ಲ, ಜನ ಓದಲಿ ಎಂದು ಹಾಗೆ ಮಾಡಿರುತ್ತಾರೆ. ಜನ ಆ ಹೊತ್ತಿನಲ್ಲಿ ಇನ್ನೊಂದು ಟ್ಯಾಬಿನಲ್ಲಿ ಇಮೇಲ್ ನೋಡುತ್ತಾರೆ. ತಪ್ಪು ಉತ್ತರ ಒತ್ತಿದರೆ ಮತ್ತೆ ಒತ್ತಬಹುದು, ಎಷ್ಟು ಸಲ ಬೇಕಾದರೂ. ಎಲ್ಲದರಲ್ಲೂ ಅತಿ ಉದ್ದನೆಯ ಆಯ್ಕೆಯೇ ಸರಿಯುತ್ತರ ಎಂಬುದು ಎರಡನೇ ಪ್ರಶ್ನೆಗೇ ತಿಳಿಯುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ಹಸಿರು ಪಟ್ಟಿ ತೋರಿಸಿ, ಸಿಬ್ಬಂದಿ ಇಷ್ಟು ಪರ್ಸೆಂಟ್ ಮುಗಿಸಿದ್ದಾರೆ ಎಂದು ವರದಿ ಕೊಡುತ್ತಾರೆ. ನಾಲ್ಕುನೂರು ವರ್ಷದ ಬಾಕಿ ನಲವತ್ತು ನಿಮಿಷದಲ್ಲಿ ಚುಕ್ತಾ.

ಇದಕ್ಕಿಂತ ಗಟ್ಟಿಯಾದದ್ದೂ ಇದೆ, ಕಂಬಳಿ ಆಟ. 1997ರಲ್ಲಿ ಹುಟ್ಟಿದ್ದು, ಆಮೇಲೆ ಕೈರೋಸ್ ಎಂಬ ಚರ್ಚ್ ಒಕ್ಕೂಟ ನಡೆಸಿಕೊಂಡು ಬಂದದ್ದು. ನೆಲದ ತುಂಬ ಕಂಬಳಿ ಹಾಸುತ್ತಾರೆ, ಎಲ್ಲರೂ ಬರಿಗಾಲಲ್ಲಿ ಮೇಲೆ ನಿಲ್ಲುತ್ತಾರೆ. ಚರಿತ್ರೆ ಓದುತ್ತ ಓದುತ್ತ ಕಂಬಳಿ ಮಡಚುತ್ತಾರೆ. ಚೀಟಿ ಬಂದವರು ಸಿಡುಬಿಗೆ ‘ಸತ್ತು’ ಆಚೆ ಹೋಗುತ್ತಾರೆ. ಕೊನೆಗೆ ನಿಂತವರ ಕಾಲಡಿ ಅಂಗೈಯಗಲ ಕಂಬಳಿ. ಒಳ್ಳೆಯ ಪಾಠ, ಅನುಮಾನವಿಲ್ಲ. ಅದರ ಜೀವವಿರುವುದು ಕೊನೆಯಲ್ಲಿ ಸುತ್ತ ಕೂತು ಒಬ್ಬೊಬ್ಬರೇ ಮಾತಾಡುವ ಒಂದು ಗಂಟೆಯಲ್ಲಿ, ಅತ್ತವರನ್ನು ಹಿರಿಯರೊಬ್ಬರು ಸಮಾಧಾನ ಮಾಡುವುದರಲ್ಲಿ. ಕಾಲೇಜು ರೂಮ್ ಬುಕ್ ಮಾಡಿರುವುದು ಎರಡು ಗಂಟೆಗೆ. ಹತ್ತು ನಿಮಿಷ ಬಾಕಿ ಇರುವಾಗ ಬಾಗಿಲ ಗಾಜಿನಾಚೆ ಯೋಗ ಕ್ಲಾಸಿನವರು ಮ್ಯಾಟ್ ಹಿಡಿದು ನಿಂತಿರುತ್ತಾರೆ. ಕಣ್ಣೀರು ಒರೆಸಿಕೊಳ್ಳುವುದನ್ನು ಕಾರಿಡಾರಿನಲ್ಲಿ ಮಾಡಿಕೊಳ್ಳಬೇಕು.

ಹೊಗೆಯ ಪ್ರಕರಣ ಒಂದು ಅಧ್ಯಾಯಕ್ಕೆ ಸಾಲುವಷ್ಟಿದೆ. ಸೇಜ್ ಎಂಬ ಸೊಪ್ಪಿನ ಚಿಟಿಕೆಯನ್ನು ಚಿಪ್ಪಿನಲ್ಲಿಟ್ಟು ಕಿಡಿ ತಾಗಿಸಿ, ಗರಿಯಿಂದ ಬೀಸಿ, ಆ ಹೊಗೆಯನ್ನು ಬೊಗಸೆಯಲ್ಲಿ ತಲೆಗೆ, ಎದೆಗೆ ಎಳೆದುಕೊಳ್ಳುತ್ತಾರೆ. ಮಂಗಳಾರತಿ ತೆಗೆದುಕೊಂಡ ಕೈಗೆ ಹೇಳಿಕೊಡಬೇಕಿಲ್ಲ. ಟೊರಾಂಟೊ ಪಕ್ಕದ ಮಿಸಿಸಾಗಾ, ಬ್ರಾಂಪ್ಟನ್ ಊರುಗಳ ನಮ್ಮವರು ಗೃಹಪ್ರವೇಶದ ಹೋಮಕ್ಕೆ ಸ್ಮೋಕ್ ಡಿಟೆಕ್ಟರಿಗೆ ಶವರ್ ಕ್ಯಾಪ್ ತೊಡಿಸಿ, ಕಿಟಕಿ ತೆಗೆದು, ಇಬ್ಬರು ಭಾವಮೈದುನರನ್ನು ಟವೆಲ್ ಬೀಸಲು ನಿಲ್ಲಿಸಿ ಮುಗಿಸಿಬಿಡುತ್ತಾರೆ. ಕಾಲೇಜಿನಲ್ಲಿ ಹಾಗಾಗುವುದಿಲ್ಲ. ಎಲ್ಲ ಡಿಟೆಕ್ಟರುಗಳೂ ಒಂದು ಪ್ಯಾನೆಲ್ಲಿಗೆ ಕಟ್ಟಿಕೊಂಡಿರುತ್ತವೆ. ಎರಡು ಮೂರು ಕೆಲಸದ ದಿನ ಮುಂಚೆ ಫಾರಂ ತುಂಬಬೇಕು. ಆ ವಲಯದ ಅಲಾರಂ ತಪ್ಪಿಸಿ, ಹೊರಗಿನ ನಿಗಾ ಕಂಪನಿಗೆ ಫೋನು ಮಾಡಿ, ಒಬ್ಬ ಸಿಬ್ಬಂದಿಯನ್ನು ಕಾವಲಿಗೆ ಹಾಕಿ, ಬಾಗಿಲಿಗೆ ‘ಇಲ್ಲಿ ಹೊಗೆ ಬರಲಿದೆ, ಗಾಬರಿ ಬೇಡ’ ಎಂದು ಚೀಟಿ ಅಂಟಿಸಬೇಕು. ಇಷ್ಟೆಲ್ಲ ಆದ ಮೇಲೆ ತಪ್ಪುವುದು ಗಡಿಯಾರದಲ್ಲಿ. ಅನುಮತಿ 9ರಿಂದ 9:30ಕ್ಕೆ. ಸ್ವಾಗತ ಭಾಷಣ ಮಾಡುವ ಉಪಾಧ್ಯಕ್ಷರು 9:35ಕ್ಕೆ ಮೈಕು ಬಿಡುತ್ತಾರೆ. 9:40ಕ್ಕೆ ಕಿಡಿ. ಡಿಟೆಕ್ಟರಿನೊಳಗಿನ ಬೆಳಕಿನ ಎಳೆಗೆ ಸೊಪ್ಪಿನ ಹೊಗೆಯೂ ಒಂದೇ, ಸೋಫಾ ಸುಟ್ಟ ಹೊಗೆಯೂ ಒಂದೇ. ಮೂರು ಮಹಡಿ ಖಾಲಿ, ಮೈನಸ್ ಹದಿನೈದರ ಚಳಿಯಲ್ಲಿ ಜಾಕೆಟ್ ಇಲ್ಲದೆ ಸಮನ್ವಯ. ಮುಂದಿನ ಸಲಕ್ಕೆ ಸಮಿತಿ ಕಂಡುಕೊಳ್ಳುವ ಪರಿಹಾರ, ಬಾಟಲಿಯಲ್ಲಿ ಬರುವ ಸೇಜ್ ಸ್ಪ್ರೇ.

ಸಭೆ ಆರಂಭಿಸಲು ಬರುವ ಹಿರಿಯಜ್ಜಿಗೆ, ಬನ್ನಿ ಎಂದು ಕೇಳುವಾಗಲೇ ಒಂದು ಹಿಡಿ ಬಿಡಿ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗಿಡುವುದು ಅನೇಕ ಸಮುದಾಯಗಳ ಪದ್ಧತಿ, ನಮ್ಮ ವೀಳ್ಯ ಕೊಟ್ಟು ಕರೆಯುವ ಹಾಗೆ. ಅಜ್ಜಿ ಗಂಟು ತೆಗೆದುಕೊಂಡರೆ ಒಪ್ಪಿದರೆಂದು ಅರ್ಥ. ಆದರೆ ಕ್ಯಾಂಪಸ್ಸು ತಂಬಾಕುಮುಕ್ತ. ಒಂಟಾರಿಯೊದ ಧೂಮಪಾನ ನಿಷೇಧ ಕಾಯ್ದೆಯೇ ಮೂಲನಿವಾಸಿಗಳ ಸಾಂಪ್ರದಾಯಿಕ ಬಳಕೆಗೆ ವಿನಾಯಿತಿ ಕೊಟ್ಟಿದೆ. ಕಾಲೇಜಿನ ಖರೀದಿ ಕಾರ್ಡಿಗೆ ಕಾಯ್ದೆ ಓದಲು ಬರುವುದಿಲ್ಲ. ಅಂಗಡಿಯ ಕೋಡ್ ನೋಡಿ ತಿರಸ್ಕರಿಸುತ್ತದೆ. ಕೊನೆಗೆ ಯಾರೋ ಸ್ವಂತ ಜೇಬಿನಿಂದ ಕೊಂಡು ತಂದು ಬಿಲ್ಲಿನಲ್ಲಿ ‘ಲೇಖನ ಸಾಮಗ್ರಿ’ ಎಂದು ಬರೆಯುತ್ತಾರೆ.

ಗೌರವಧನದ್ದು ಬೇರೆಯೇ ಪುರಾಣ. ಅಜ್ಜಿ ಮಾರಾಟಗಾರರ ಪಟ್ಟಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಸೋಶಿಯಲ್ ಇನ್ಶೂರೆನ್ಸ್ ನಂಬರು, ರದ್ದು ಮಾಡಿದ ಚೆಕ್ಕು, ಇನ್ವಾಯ್ಸು. ಇನ್ವಾಯ್ಸಿನಲ್ಲಿ ‘ಸೇವೆಯ ವಿವರ’: ಪ್ರಾರ್ಥನೆ, 1. ರಿಸರ್ವಿನ (ಮೂಲನಿವಾಸಿಗಳಿಗೆಂದು ಬಿಟ್ಟ ನೆಲದ) ಮನೆಗೆ ಬೀದಿ ನಂಬರಿಲ್ಲ, ಅಂಚೆ ಪೆಟ್ಟಿಗೆ ಮಾತ್ರ. ತಂತ್ರಾಂಶ ಅಂಚೆ ಪೆಟ್ಟಿಗೆಯನ್ನು ವಿಳಾಸವೆಂದು ಒಪ್ಪುವುದಿಲ್ಲ. ಒಪ್ಪಿದ ದಿನದಿಂದ ಮೂವತ್ತು ದಿನ ಲೆಕ್ಕ. ಫೆಬ್ರವರಿಯಲ್ಲಿ ತೆರಿಗೆಯ ಟಿ4ಎ ಚೀಟಿ ಮಾತ್ರ ತಪ್ಪದೆ ಮನೆ ಸೇರುತ್ತದೆ, ಅದೇ ಅಂಚೆ ಪೆಟ್ಟಿಗೆಗೆ. ಅಜ್ಜಿಗೆ ಕಾರ್ಯಕ್ರಮ ಪಟ್ಟಿಯಲ್ಲಿ ಕೊಟ್ಟಿರುವ ಸಮಯ ಮೂರು ನಿಮಿಷ. ಹೋಡೆನೊಶೋನಿಗಳ ವಂದನೆಗೆ ‘ಎಲ್ಲಕ್ಕೂ ಮುಂಚಿನ ಮಾತು’ ಎಂದೇ ಹೆಸರು. ಮನುಷ್ಯರು, ಭೂಮಿ, ನೀರು, ಮೀನು, ಗಿಡಮೂಲಿಕೆ, ಪ್ರಾಣಿ, ಮರ, ಹಕ್ಕಿ, ಗಾಳಿ, ಗುಡುಗು, ಸೂರ್ಯ, ಚಂದ್ರ, ನಕ್ಷತ್ರ, ಒಂದೊಂದಕ್ಕೂ ನಮಸ್ಕಾರ. ಮೂರು ನಿಮಿಷಕ್ಕೆ ಮೀನಿನ ತನಕ ಬರಬಹುದು. ಅಷ್ಟರಲ್ಲಿ ನಿರೂಪಕಿ ಮೈಕಿನ ಹತ್ತಿರ ಬಂದು ಮುಗುಳುನಗುತ್ತ ನಿಂತಿರುತ್ತಾಳೆ.

ಇವೆಲ್ಲವನ್ನೂ ಓಡಾಡಿ ಮಾಡಿಸುವವರು ಯಾರು? ಕಾಲೇಜಿನಲ್ಲಿ ಇರುವ ಒಬ್ಬಿಬ್ಬರು ಮೂಲನಿವಾಸಿ ಸಿಬ್ಬಂದಿ. ನೇಮಕಾತಿ ಸಮಿತಿಗೂ ಅವರೇ, ಪಠ್ಯಕ್ರಮಕ್ಕೂ ಅವರೇ, ಗೋಡೆಗೆ ಯಾವ ಬಣ್ಣ ಎಂಬುದಕ್ಕೂ ಅವರೇ, ಅಳುವ ಸಹೋದ್ಯೋಗಿಯನ್ನು ಸಂತೈಸುವುದಕ್ಕೂ ಅವರೇ. ಅವರು ದಣಿದರು ಎಂಬ ಸುದ್ದಿ ತಲುಪಿದ ಕೂಡಲೇ ಯೋಗಕ್ಷೇಮ ವಿಭಾಗ ಎಚ್ಚರಗೊಳ್ಳುತ್ತದೆ. ‘ಬುಧವಾರದ ನೆಮ್ಮದಿ’ ಎಂದು ಇಮೇಲ್: ಒತ್ತಡ ತಾಳಿಕೊಳ್ಳುವುದು ಹೇಗೆ, ವೆಬಿನಾರ್, ಮಧ್ಯಾಹ್ನ 12ರಿಂದ 1. ಅಂದರೆ ಊಟದ ಹೊತ್ತು. ಪೋಸ್ಟರಿನ ಮೇಲೆ ನಾಲ್ಕು ಬಣ್ಣದ ಔಷಧಚಕ್ರ ಎಂಬ ಮೂಲನಿವಾಸಿ ಚಿಹ್ನೆ. ಅದು ಎಲ್ಲ ಸಮುದಾಯಗಳದ್ದಲ್ಲ ಎಂದು ಹೇಳಲು ಒಬ್ಬರು ಬೇಕು, ಮತ್ತೆ ಅದೇ ಸಿಬ್ಬಂದಿ. ಪರೀಕ್ಷೆಯ ವಾರದಲ್ಲಿ ಮುದ್ದು ಮಾಡಲು ನಾಯಿ ಕರೆಸುತ್ತಾರೆ. ನಾಯಿಗೆ ಇಷ್ಟು ಹೊತ್ತಿಗಿಂತ ಹೆಚ್ಚು ಕೆಲಸ ಮಾಡಿಸಬಾರದು ಎಂದು ನಿಯಮವಿರುತ್ತದೆ. ಸಿಬ್ಬಂದಿಗೆ ಆ ಬಗೆಯ ಕಟ್ಟುಪಾಡು ಕಾಣುವುದಿಲ್ಲ. 2024ರ ಜನವರಿಯಲ್ಲಿ ಕೆನಡಾದ ಕೇಂದ್ರ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ನಮ್ಮ ಹುಡುಗ ಹುಡುಗಿಯರು ಸಾಲ ಮಾಡಿ ಕಟ್ಟುತ್ತಿದ್ದ ಫೀಸು ಕಡಿಮೆಯಾಗಿ ಒಂಟಾರಿಯೊದ ಕಾಲೇಜುಗಳು ಕೋರ್ಸು ಮುಚ್ಚತೊಡಗಿದವು. ವೆಬಿನಾರಿನ ವಿಷಯ ಈಗ ‘ಬದಲಾವಣೆಯನ್ನು ಅಪ್ಪಿಕೊಳ್ಳುವುದು’.

ಸೆಪ್ಟೆಂಬರ್ 30 ಕಿತ್ತಳೆ ಅಂಗಿಯ ದಿನ. ಫಿಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಹುಡುಗಿ 1973ರಲ್ಲಿ ವಸತಿ ಶಾಲೆಗೆ ಹೋದ ಮೊದಲ ದಿನವೇ ಅಜ್ಜಿ ಕೊಡಿಸಿದ್ದ ಹೊಸ ಕಿತ್ತಳೆ ಅಂಗಿಯನ್ನು ಕಿತ್ತುಕೊಂಡರು, ಮತ್ತೆ ಕೊಡಲಿಲ್ಲ. ಅದರ ನೆನಪಿಗೆ 2013ರಿಂದ ಈ ದಿನ. 2021ರಲ್ಲಿ ರಾಷ್ಟ್ರೀಯ ದಿನವಾಗಿ ಮೊದಲ ಸಲ ಬಂದಾಗ ಪ್ರಧಾನಿ ಟ್ರುಡೊ ಕಡಲತೀರಕ್ಕೆ ರಜೆಗೆ ಹೋಗಿದ್ದರು, ಆಮೇಲೆ ಕ್ಷಮೆ ಕೇಳಿದರು. ಕಾಲೇಜು ಹಾಗೆ ತಪ್ಪು ಮಾಡುವುದಿಲ್ಲ, ಅಂಗಿಯನ್ನು ಆಗಸ್ಟಿನಲ್ಲೇ ಆರ್ಡರ್ ಮಾಡುತ್ತದೆ. ಅತಿ ಕಡಿಮೆ ದರ ಹೇಳಿದವರಿಗೆ ಟೆಂಡರು. ಎದೆಯ ಮೇಲೆ ಕಾಲೇಜಿನ ಲಾಂಛನ ದೊಡ್ಡದಾಗಿ, ‘ಪ್ರತಿ ಮಗುವೂ ಮುಖ್ಯ’ ಎಂಬುದು ಅದರ ಕೆಳಗೆ ಸಣ್ಣದಾಗಿ. ಎಕ್ಸ್‌ಎಲ್ ಬೇಗ ಮುಗಿದು ಸ್ಮಾಲ್ ಉಳಿಯುತ್ತದೆ.

ಆ ದಿನ ಅಜ್ಜಿ ಎಂಟೂವರೆಗೇ ಬಂದು, ಕಾರು ನಿಲ್ಲಿಸಿ, ಅಧ್ಯಕ್ಷರು ಭೂಸ್ಮರಣೆ ಓದುವುದನ್ನು ಮೊದಲ ಸಾಲಿನಲ್ಲಿ ಕೂತು ಕೇಳುತ್ತಾರೆ. ಈ ನೆಲ ತಲತಲಾಂತರದಿಂದ ಅಜ್ಜಿಯ ಜನರದ್ದು ಎಂದು ಅಧ್ಯಕ್ಷರು ಎರಡು ನಿಮಿಷ ಒತ್ತಿ ಒತ್ತಿ ಹೇಳುತ್ತಾರೆ. ತಮ್ಮ ಮೂರು ನಿಮಿಷ ಮುಗಿಸಿ, ಉಡುಗೊರೆಯ ಮಗ್ಗು ಹಿಡಿದು ಅಜ್ಜಿ ಆಚೆ ಬಂದರೆ ವೈಪರಿನಡಿ ಒಂದು ಹಳದಿ ಚೀಟಿ: ಅನುಮತಿಯಿಲ್ಲದೆ ಕಾಲೇಜಿನ ಜಾಗದಲ್ಲಿ ನಿಲ್ಲಿಸಲಾಗಿದೆ, ದಂಡ 45 ಡಾಲರ್, ಹದಿನೈದು ದಿನದೊಳಗೆ ಕಟ್ಟತಕ್ಕದ್ದು.