ಕೇಳಿಸಲಿಲ್ಲ, ಮೇಡಂ

ಮೊದಲ ಸೆಮಿಸ್ಟರ್ ಮುಗಿಯಿತು. ಪಾಸು. ಅಂಕ ಎಷ್ಟು ಅಂತ ಕೇಳಬೇಡಿ, ಹೇಳಿಕೊಳ್ಳುವಂಥದ್ದೇನಲ್ಲ.

39ನೇ ವಯಸ್ಸಿಗೆ ನರ್ಸಿಂಗ್ ಸೇರುತ್ತೇನೆ ಅಂದಾಗ ತಲೆ ಕೆಟ್ಟಿದೆಯಾ ಅಂದವರು ಸ್ವಲ್ಪ ಜನ. ಮಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: "ನಿನಗೇನು ಬಿಡು, ಜೀವನಾನುಭವ ಇದೆ. ಆ ಚಿಕ್ಕ ಮಕ್ಕಳಿಗಿಂತ ನಿನಗೇ ಸುಲಭ." ಲೆಕ್ಕಪತ್ರ ವಿಭಾಗದಲ್ಲಿ 14 ವರ್ಷ ದುಡಿದವಳು, ಮಕ್ಕಳನ್ನು ಬೆಳೆಸಿದವಳು, ಹಾಸಿಗೆ ಹಿಡಿದ ಅಪ್ಪನನ್ನು ಎರಡು ವರ್ಷ ನೋಡಿಕೊಂಡವಳು. ನಾನೂ ಅದನ್ನೇ ನಂಬಿ ಎದೆ ಉಬ್ಬಿಸಿಕೊಂಡು ಹೋದೆ. ಇದೇ ದಾರಿ ಹಿಡಿಯುವ ಯೋಚನೆಯಲ್ಲಿರುವ ಇಬ್ಬರು ಮೂವರು ಮೆಸೇಜ್ ಮಾಡಿದ್ದಾರೆ, ಅವರಿಗೆ ಇಲ್ಲೇ ಉತ್ತರ ಬರೆದುಬಿಡುತ್ತೇನೆ. ಜೀವನಾನುಭವ ನನ್ನನ್ನು ಕಾಪಾಡಲಿಲ್ಲ. ಈ ಆರು ತಿಂಗಳಲ್ಲಿ ನಾನು ಎಡವಿದಲ್ಲೆಲ್ಲ ಕಾಲಿಗೆ ಸಿಕ್ಕಿದ್ದು ಅದೇ.

ಕೈ ತೊಳೆಯುವುದರಿಂದಲೇ ಶುರುವಾಯಿತು. 39 ವರ್ಷದಿಂದ ತೊಳೆಯುತ್ತಿದ್ದೇನೆ, ಇದರಲ್ಲಿ ಕಲಿಯುವುದೇನಿದೆ ಅಂದುಕೊಂಡೆ. ಲ್ಯಾಬಿನಲ್ಲಿ ಕೈಗೆ ಒಂದು ಲೋಷನ್ ಹಚ್ಚಿಸಿ, ತೊಳೆದು ಬನ್ನಿ ಅಂದರು. ತೊಳೆದು ಹೋಗದೆ ಉಳಿದ ಲೋಷನ್ ಅಲ್ಟ್ರಾವಯೊಲೆಟ್ ದೀಪದಡಿ ಹೊಳೆಯುತ್ತದೆ. ತೊಳೆದು ಬಂದು ಹಿಡಿದರೆ ಎರಡೂ ಹೆಬ್ಬೆರಳು, ಉಗುರಿನ ಬುಡ, ಬೆರಳ ಸಂದಿ ಎಲ್ಲ ಮಿಂಚುಹುಳದ ಹಾಗೆ ಹೊಳೆಯುತ್ತಿದ್ದವು. ಸೋಪು ಹಾಕಿ ಸರಿಯಾಗಿ ತೊಳೆಯಲು ಒಟ್ಟು 40ರಿಂದ 60 ಸೆಕೆಂಡು ಬೇಕು. ನಾನು ಹತ್ತಕ್ಕೇ ಮುಗಿಸಿದ್ದೆ. ಪಕ್ಕದ ಹುಡುಗಿಯದೂ ಹೊಳೆಯುತ್ತಿತ್ತು. ಅವಳು ನಕ್ಕು ಮತ್ತೆ ತೊಳೆಯಲು ಹೋದಳು. ನಾನು ಮಾತ್ರ "ಈ ಲೋಷನ್ ಸರಿಯಿಲ್ಲ ಅನಿಸುತ್ತೆ" ಅಂದೆ.

ಆ ಸಂಜೆ ಸೆಮ್ಮೆಲ್ವೈಸ್ ಎಂಬ ವೈದ್ಯನ ಬಗ್ಗೆ ಓದಿದೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ, ಶವ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದ ಡಾಕ್ಟರುಗಳಿಗೆ ಕ್ಲೋರಿನ್ ನೀರಿನಲ್ಲಿ ಕೈ ತೊಳೆದು ಬನ್ನಿ ಅಂದವನು. ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ಆದರೂ ಎಷ್ಟೋ ಹಿರಿಯ ವೈದ್ಯರು ಅವನ ಮಾತು ಒಪ್ಪಲಿಲ್ಲ. ಬಹಳ ಅನುಭವಸ್ಥರು ಪಾಪ. ನನ್ನ ಲೋಷನ್ ಮಾತು ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಆಮೇಲೆ ಲೆಕ್ಕ. ಬೇರೆಯವರು ಔಷಧಿ ಲೆಕ್ಕಕ್ಕೆ ಹೆದರುತ್ತಿದ್ದರೆ ನಾನು ಒಳಗೊಳಗೇ ಖುಷಿಯಾಗಿದ್ದೆ, ಅಂಕಿಗಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಮೊದಲ ಕ್ಲಾಸ್ ಟೆಸ್ಟಿನ ಪ್ರಶ್ನೆ: 1000 ಎಂಎಲ್ ದ್ರಾವಣ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ, ನಿಮಿಷಕ್ಕೆ ಎಷ್ಟು ಹನಿ? 20,000 ಹನಿಯನ್ನು 480 ನಿಮಿಷಕ್ಕೆ ಹಂಚಿ, ಎರಡು ದಶಮಾಂಶಕ್ಕೆ ಚೊಕ್ಕವಾಗಿ 41.67 ಅಂತ ಬರೆದು ಕೆಳಗೆ ಗೆರೆ ಎಳೆದೆ. ಉತ್ತರಪತ್ರಿಕೆ ವಾಪಸು ಬಂದಾಗ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: "0.67 ಹನಿ ಬೀಳಿಸಿ ತೋರಿಸಿ." ಉತ್ತರ 42.

ಇದು ನಗುವ ತಪ್ಪು. ಇನ್ನೊಂದು ನಗುವಂಥದ್ದಲ್ಲ. 5 ಮಿಲಿಗ್ರಾಂ ಇದ್ದಲ್ಲಿ ನಾನು 5.00 ಅಂತ ಬರೆಯುತ್ತಿದ್ದೆ. ಲೆಕ್ಕಪತ್ರದಲ್ಲಿ ಅದು ಶಿಸ್ತು, ಎರಡು ಸೊನ್ನೆ ಇಲ್ಲದ ಅಂಕಿ ನನ್ನ ಕಣ್ಣಿಗೆ ಬಟ್ಟೆ ತೊಡದ ಹಾಗೆ ಕಾಣುತ್ತೆ. ಇಲ್ಲಿ ಆ ಚುಕ್ಕಿ ಮಸುಕಾದರೆ 5 ಹೋಗಿ 500 ಆಗುತ್ತದೆ. ಅದಕ್ಕೇ ಪೂರ್ಣಾಂಕದ ಮುಂದೆ ಚುಕ್ಕಿ ಸೊನ್ನೆ ಹಾಕುವಂತಿಲ್ಲ. ಹಾಗೇ ಅರ್ಧ ಮಿಲಿಗ್ರಾಂ ಅನ್ನುವಾಗ ಚುಕ್ಕಿಯ ಹಿಂದಿನ ಸೊನ್ನೆ ಬಿಡುವಂತೆಯೂ ಇಲ್ಲ, 0.5 ಅಂತಲೇ ಬರೆಯಬೇಕು, ಇಲ್ಲದಿದ್ದರೆ ಓದುವವರು 5 ಅಂದುಕೊಳ್ಳಬಹುದು. ಆಫೀಸಿನಲ್ಲಿ ಚುಕ್ಕಿ ತಪ್ಪಿದರೆ ತಿಂಗಳ ಕೊನೆಗೆ ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ, ಮರುದಿನ ತಿದ್ದುಪಡಿ ಹಾಕಬಹುದು. ರಕ್ತಕ್ಕೆ ಹೋದ ಔಷಧಿಗೆ ತಿದ್ದುಪಡಿ ಎಂಟ್ರಿ ಎಲ್ಲಿಂದ ತರಲಿ? ಆ ಎರಡು ಸೊನ್ನೆ ಕೈಯಿಂದ ಬಿಡಿಸಲು ನನಗೆ ಎರಡು ತಿಂಗಳು ಬೇಕಾಯಿತು. ಪಕ್ಕದ ಹುಡುಗಿಗೆ ಬಿಡಬೇಕಾದ ಅಭ್ಯಾಸವೇ ಇರಲಿಲ್ಲ.

ಥಿಯರಿ ಪರೀಕ್ಷೆಯ ಪ್ರಶ್ನೆಗಳಂತೂ ಬೇರೆಯೇ ಜಾತಿ. ನಾಲ್ಕು ಉತ್ತರಗಳೂ ಸರಿಯೇ ಇರುತ್ತವೆ, ಕೇಳುವುದು ಮೊದಲು ಯಾವುದು ಅಂತ. ರೋಗಿ ಉಸಿರಾಡಲು ಒದ್ದಾಡುತ್ತಿದ್ದಾರೆ, ಗಾಬರಿಯಾಗಿದ್ದಾರೆ, ನರ್ಸ್ ಮೊದಲು ಏನು ಮಾಡಬೇಕು? ಅಪ್ಪನ ಮಂಚದ ಪಕ್ಕ ಕಳೆದ ರಾತ್ರಿಗಳು ಕಣ್ಣ ಮುಂದೆ ಬಂದವು. ಕೈ ಹಿಡಿದು ಧೈರ್ಯ ಹೇಳುವುದು ಅಂತ ಗುರುತು ಹಾಕಿದೆ. ತಪ್ಪು. ಮಂಚದ ತಲೆಯ ಭಾಗ ಎತ್ತಬೇಕು. ಕೂತ ಭಂಗಿಯಲ್ಲಿ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿದು ಶ್ವಾಸಕೋಶಕ್ಕೆ ಹಿಗ್ಗಲು ಜಾಗ ಸಿಗುತ್ತದೆ. ಆಮೇಲೆ ಕೈ ಹಿಡಿ, ಯಾರು ಬೇಡ ಅಂದರು? ಎರಡು ಅಂಕ ಹೋದದ್ದಕ್ಕೆ ಬೇಜಾರಿಲ್ಲ. ಆ ಎರಡು ವರ್ಷ ನಾನು ಎಷ್ಟು ಸಲ ಬರೀ ಕೈ ಹಿಡಿದು ಕೂತಿದ್ದೆ ಅನ್ನುವುದು ನೆನಪಾಗಿ ಅವತ್ತು ಮನೆಗೆ ಬಂದು ಯಾರ ಜೊತೆಯೂ ಮಾತಾಡಲಿಲ್ಲ.

ಓದುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೈಲೈಟರ್ ಬಿಸಾಡಿ. ಮೊದಲ ಆರು ವಾರ ಬಣ್ಣ ಬಳಿದು ಬಳಿದು ಓದಿ, ಎಲ್ಲ ಬಂತು ಅಂದುಕೊಂಡು ಟೆಸ್ಟಿಗೆ ಕೂತರೆ ತಲೆ ಖಾಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದು. ಅಲ್ಲಿಂದ ನಾನು ಖಾಲಿ ಹಾಳೆ ಹಿಡಿದೆ. ಜೀವಕೋಶದ ಪಂಪು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ಎಳೆಯುವುದನ್ನು ಗೋಡೆಗೆ ಪಾಠ ಮಾಡಿದೆ. ಗೋಡೆ ಪ್ರಶ್ನೆ ಕೇಳದಿದ್ದರೂ ನಾನು ಎಲ್ಲಿ ತಡವರಿಸುತ್ತೇನೆ ಅನ್ನುವುದು ಗೊತ್ತಾಗುತ್ತಿತ್ತು. ಮನೆ, ನಿದ್ದೆ, ದುಡ್ಡು ಮೂರೂ ಕಡಿಮೆಯಾಗುತ್ತವೆ. ಇದರ ಬಗ್ಗೆ ಬರೆಯಲು ಏನೂ ಇಲ್ಲ, ಮನೆಯವರಿಗೆ ಮೊದಲೇ ಹೇಳಿಬಿಡಿ.

(ಇನ್ನೊಂದು. ಹುರಿದುಂಬಿಸುವ ಪೋಸ್ಟರು ಕಳಿಸುವವರೇ, ದಯವಿಟ್ಟು ನಿಲ್ಲಿಸಿ. ಫ್ಲಾರೆನ್ಸ್ ನೈಟಿಂಗೇಲ್ ಜರ್ಮನಿಯ ಕೈಸರ್ಸ್‌ವರ್ತ್‌ಗೆ ತರಬೇತಿಗೆ ಹೋದದ್ದು 1851ರಲ್ಲಿ, 31ನೇ ವಯಸ್ಸಿಗೆ, ಗೊತ್ತು. ಅವರಿಗೆ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಶಾಲೆಗೆ ಕಳಿಸುವ ಕೆಲಸವಿರಲಿಲ್ಲ. ಪೋಸ್ಟರಿನಲ್ಲಿ ಅವರ ಕೈಯಲ್ಲಿರುವ ಆ ದೀಪಕ್ಕಿಂತ ಅವರ ಎಣಿಕೆ ನನಗಿಷ್ಟ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗಕ್ಕೇ ಹೆಚ್ಚು ಸೈನಿಕರು ಸತ್ತರು ಅನ್ನುವುದನ್ನು ಚಿತ್ರ ಬರೆದು ತೋರಿಸಿದ ಹೆಂಗಸು. ಒಳಗಿನ ಅಕೌಂಟೆಂಟ್ ಮಾತಾಡಿದಳು, ಕ್ಷಮಿಸಿ.)

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ರಕ್ತದೊತ್ತಡ.

ನಾಡಿ ಬಂತು, ಉಸಿರು ಬಂತು. ಉಸಿರು ಎಣಿಸುವಾಗ ರೋಗಿಗೆ ಹೇಳಬಾರದು, ಹೇಳಿದರೆ ಉಸಿರಾಟವೇ ಬದಲಾಗುತ್ತದೆ. ನಾಡಿ ನೋಡುತ್ತಿರುವ ಹಾಗೆ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡೇ ಕಣ್ಣಂಚಿನಲ್ಲಿ ಎದೆ ನೋಡಬೇಕು. ಈ ಪುಟ್ಟ ಕಳ್ಳತನ ನನಗೆ ಬಹಳ ಹಿಡಿಸಿತು. ಆದರೆ ಬಿಪಿ ಮಾತ್ರ ಕೈಗೆ ಹತ್ತಲಿಲ್ಲ. ಕೊರೊಟ್ಕಾಫ್ ಎಂಬ ರಷ್ಯನ್ ಶಸ್ತ್ರವೈದ್ಯ 1905ರಲ್ಲಿ ಹೇಳಿಕೊಟ್ಟ ಶಬ್ದ ಅದು: ತೋಳಿಗೆ ಸುತ್ತಿದ ಪಟ್ಟಿ, ಅಂದರೆ ಕಫ್, ಊದಿ, ಸ್ಟೆತಸ್ಕೋಪಿನಲ್ಲಿ ಕೇಳುತ್ತಾ, ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ಗಾಳಿ ಬಿಡುತ್ತಾ ಬಂದರೆ ಮೊದಲ ಟಪ್ ಮೇಲಿನ ಅಂಕಿ, ಶಬ್ದ ಮಾಯವಾದದ್ದು ಕೆಳಗಿನದು. ನನಗೆ ಕೇಳುತ್ತಿದ್ದದ್ದು ನನ್ನದೇ ಎದೆಬಡಿತ. ಸುತ್ತ ಎಲ್ಲರೂ ಅಂಕಿ ಹೇಳುತ್ತಿದ್ದಾರೆ. ಮೇಡಂ ನನ್ನ ಹತ್ತಿರ ಬಂದು "ಎಷ್ಟು?" ಅಂದರು.

"119, 77" ಅಂದೆ. ಒಂದು ಕ್ಷಣವೂ ತಡವರಿಸದೆ.

ಅವರು ಮೀಟರನ್ನು ನನ್ನ ಮುಖದ ಹತ್ತಿರ ಹಿಡಿದರು. "ಇದರಲ್ಲಿ 119 ತೋರಿಸಿ."

ಡಯಲ್ಲಿನಲ್ಲಿ ಗೆರೆಗಳಿರುವುದು ಎರಡೆರಡಕ್ಕೆ. 118 ಇದೆ, 120 ಇದೆ. 119 ಎಂಬ ಗೆರೆಯೇ ಇಲ್ಲ. ನಿಜ ಅನಿಸಲಿ ಅಂತ ಬೆಸ ಸಂಖ್ಯೆ ಆರಿಸಿದ್ದೆ. ಸೊನ್ನೆಯಲ್ಲಿ ಮುಗಿಯುವ ಸಂಖ್ಯೆ ಅನುಮಾನ ಹುಟ್ಟಿಸುತ್ತದೆ ಅನ್ನುವುದು 14 ವರ್ಷ ಲೆಕ್ಕ ನೋಡಿದವಳ ಬುದ್ಧಿ. ಮೇಡಂ ಬೈಯಲಿಲ್ಲ. ನನ್ನ ಕಿವಿಯಿಂದ ಸ್ಟೆತಸ್ಕೋಪ್ ತೆಗೆದು, ತಿರುಗಿಸಿ, ಮತ್ತೆ ಹಾಕಿದರು. ಇಯರ್‌ಪೀಸ್ ಮೂಗಿನ ಕಡೆಗೆ ಬಾಗಿರಬೇಕು. ಅರ್ಧ ಗಂಟೆಯಿಂದ ಹಿಂದುಮುಂದು ಹಾಕಿಕೊಂಡು ಕೂತಿದ್ದೆ. ಪಕ್ಕದ ಹುಡುಗಿ ಅದೇ ಲ್ಯಾಬಿನಲ್ಲಿ ಐದು ಸಲ "ಮೇಡಂ, ಏನೂ ಕೇಳಿಸ್ತಿಲ್ಲ" ಅಂದು ಕೈ ಎತ್ತಿದ್ದಳು. ಎಷ್ಟು ಸಲ ಕೇಳ್ತಾಳಪ್ಪ ಇವಳು ಅಂತ ಒಳಗೇ ಅಂದುಕೊಂಡಿದ್ದೆ.

ವಯಸ್ಸಾದವರಿಗೆ ಅಂಟಿರುವ ರೋಗ ಇದು ಅನಿಸುತ್ತೆ. ಗೊತ್ತಿಲ್ಲ ಅನ್ನುವುದನ್ನು ಮುಚ್ಚಿಡುವುದರಲ್ಲಿ ನಾವು ಎಷ್ಟು ಪಳಗಿರುತ್ತೇವೆ ಅಂದರೆ, ಮುಚ್ಚಿಡುತ್ತಿದ್ದೇವೆ ಅನ್ನುವುದು ನಮಗೇ ತಿಳಿಯುವುದಿಲ್ಲ. ಮೀಟಿಂಗುಗಳಲ್ಲಿ ತಲೆಯಾಡಿಸಿ, ಮಕ್ಕಳ ಪ್ರಶ್ನೆಗೆ ಅಂದಾಜಿನಲ್ಲಿ ಉತ್ತರ ಕೊಟ್ಟು ಬದುಕಿದವರು. ಹದಿನೆಂಟರ ಮಕ್ಕಳಿಗೆ ಆ ವಿದ್ಯೆ ಇನ್ನೂ ಕೈಹತ್ತಿಲ್ಲ.

ಸೆಮಿಸ್ಟರಿನ ಕೊನೆಯಲ್ಲಿ ವಾರ್ಡಿಗೆ ಕಳಿಸಿದರು. ರೋಗಿಯ ಬಗ್ಗೆ ಏನೂ ಹೇಳುವಂತಿಲ್ಲ, ಮೊದಲ ಸೆಮಿಸ್ಟರಿನಲ್ಲಿ ಕಲಿಸುವ ಇನ್ನೊಂದು ಪಾಠ ಅದು. ಬೆಳಗಿನ ಬಿಪಿ ನನ್ನ ಪಾಲಿಗೆ ಬಂತು. ಚಾರ್ಟಿನಲ್ಲಿ ಹಿಂದಿನ ಪಾಳಿಯದು 126/80. ಕಫ್ ಕಟ್ಟಿದೆ, ಸ್ಟೆತಸ್ಕೋಪ್ ಮೂಗಿನ ಕಡೆಗೇ ಇದೆ, ಊದಿ ನಿಧಾನಕ್ಕೆ ಬಿಟ್ಟೆ. ಏನೂ ಇಲ್ಲ. 120 ದಾಟಿತು, 100 ದಾಟಿತು, ಇಲ್ಲ. ಬಾಯಿಯಲ್ಲಿ 124/80 ತಯಾರಾಗಿ ಕೂತಿತ್ತು. ಈ ಸಲ ಸಮಸಂಖ್ಯೆಯೇ, ನೋಡಿ ಎಷ್ಟು ಬೇಗ ಕಲಿಯುತ್ತೇವೆ.

"ಕೇಳಿಸಲಿಲ್ಲ, ಮೇಡಂ. ನೀವೊಮ್ಮೆ ನೋಡ್ತೀರಾ?"

ಅವರು ಬಂದರು, ಊದಿದರು, ಕಣ್ಣು ಮುಚ್ಚಿ ಕೇಳಿದರು. ಕಫ್ ಬಿಚ್ಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಊದಿದರು. 84/50. ತಲೆ ತಿರುಗಿಸದೆಯೇ ಡ್ಯೂಟಿ ನರ್ಸನ್ನು ಕೂಗಿದರು, ಅವರು ಓಡಿ ಬಂದರು. ನಾನು ಪಕ್ಕಕ್ಕೆ ಸರಿಯಲು ಹೋದೆ. "ಎಲ್ಲಿಗೆ? ನಾಡಿ ಹಿಡಿ. ಪೂರ್ತಿ ಒಂದು ನಿಮಿಷ ಎಣಿಸು" ಅಂದರು.

ಹಿಡಿದೆ. ಎಣಿಸಿದೆ. 112.